ಊಟದ ಮೇಜಿನ ಪೊಲ್ಲಿಲೂರು

ಕಡಿಯಾಳಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಮೂರು ವಾರ ಟಿಪ್ಪು ಬೀಡುಬಿಟ್ಟಿದ್ದ, ದಾಳ ಹಾಕಿ ಆಡುವ ಯುದ್ಧದಾಟದ ಪುಟ್ಟ ಗೊಂಬೆ ದಂಡಿನೊಂದಿಗೆ. ಒಬ್ಬೊಬ್ಬ ಸಿಪಾಯಿ 28 ಮಿಲಿಮೀಟರ್, ಅಂದರೆ ಒಂದು ಗೇರುಬೀಜದಷ್ಟು. ಅವನ ಅಂಗಿಗೆ ಹುಲಿಪಟ್ಟೆ ಎಳೆಯಬೇಕು, ನಾಲ್ಕೇ ಕೂದಲಿನ ಬ್ರಷ್ಷಿನಲ್ಲಿ, ಉಸಿರು ಬಿಗಿಹಿಡಿದು. ಅಷ್ಟಮಿಯ ಹುಲಿವೇಷಕ್ಕೆ ಬಣ್ಣ ಬಳಿಯುವವರಿಗಾದರೂ ಇಡೀ ಒಂದು ಮೈ ಸಿಗುತ್ತದೆ! ಮೇಲಿಂದ ಆಟಿ ತಿಂಗಳ ಮಳೆ. ಬಳಿದ ವಾರ್ನಿಶ್ ಒಣಗುವುದೇ ಇಲ್ಲ. ಇಡೀ ದಂಡು ಬೆಲ್ಲ ಮೆತ್ತಿದ ಹಾಗೆ ಅಂಟಂಟು.

"ಎಂತದಾ ಇದು ಮಾರಾಯಾ, ಆಟಿಯಲ್ಲಿ ಚೆನ್ನೆಮಣೆ ಆಡಿದ್ರೆ ಸಾಲದಾ?" ಅಂತ ಅಮ್ಮ.

"ಅಮ್ಮಾ, ಎಚ್.ಜಿ. ವೆಲ್ಸ್‌ನಂಥ ದೊಡ್ಡ ಲೇಖಕನೇ 1913ರಲ್ಲಿ ಈ ಆಟಕ್ಕೆ 'ಲಿಟಲ್ ವಾರ್ಸ್' ಅಂತ ನಿಯಮದ ಪುಸ್ತಕ ಬರೆದಿದ್ದಾನೆ."

"ಅವ ಊಟದ ಮೇಜಲ್ಲಿ ಆಡ್ತಿದ್ದನಾ?"

ಇಲ್ಲ, ನೆಲದ ಮೇಲೆ. ಸುಮ್ಮನಾದೆ.

1780ರಲ್ಲಿ ಪೊಲ್ಲಿಲೂರಿನಲ್ಲಿ ಮದ್ದಿನ ಗಾಡಿಗಳು ಸಿಡಿದು ಟಿಪ್ಪುವಿನೆದುರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಣ್ಣುಮುಕ್ಕಿತು. ಮೊನ್ನೆ ನಮ್ಮ ಮೇಜಿನಲ್ಲಿ ದಾಳ ಕೈಕೊಟ್ಟು ಟಿಪ್ಪುವೇ ಸೋತ. ಗೆದ್ದವನು ನನ್ನ ಹತ್ತು ವರ್ಷದ ಅಳಿಯ. ಇತಿಹಾಸದಲ್ಲಿ ಅವನಿಗೆ ಪಾಸು ಮಾರ್ಕೂ ಇಲ್ಲ.

ಈಗ ಎರಡೂ ಸೈನ್ಯ ಬಿಸ್ಕತ್ತಿನ ಡಬ್ಬಿ ಸೇರಿವೆ. ಒಂದು ಫಿರಂಗಿ ಮಾತ್ರ ಸಿಕ್ಕಿಲ್ಲ. ನಮ್ಮಲ್ಲಿಗೆ ಊಟಕ್ಕೆ ಬರುವವರು ಸಾಂಬಾರನ್ನು ಸ್ವಲ್ಪ ನೋಡಿಕೊಂಡು ಉಣ್ಣಿ.