ಅಗ್ರಪೂಜೆ ಯಾವ ಚಕ್ರಕ್ಕೆ?

ಕಾರಿಗೆ ಚಕ್ರಗಳು ನಾಲ್ಕು; ಮಧ್ಯಮವರ್ಗದ ಗೃಹಸ್ಥನ ಜೇಬಿಗೆ ಒಂದು ಸಲಕ್ಕೆ ನಿಲುಕುವ ಹೊಸ ಟೈರುಗಳು ಎರಡು. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿಯೇ ನಮ್ಮ ಕಾಲದ ಒಂದು ಮಹಾವಿವಾದವು ಹುಟ್ಟಿಕೊಂಡಿರುವುದು. ನಾಲ್ಕನ್ನೂ ಏಕಕಾಲದಲ್ಲಿ ಬದಲಾಯಿಸಬಲ್ಲ ಶ್ರೀಮಂತನಿಗೆ ಈ ಚಿಂತೆಯಿಲ್ಲ. ಬೋಳಾದ ಟೈರುಗಳನ್ನೇ ನೆಚ್ಚಿ, ಉಳಿದ ಭಾರವನ್ನು ಭಗವಂತನ ಮೇಲೆ ಹಾಕಿ ಸಂಚರಿಸುವ ಧೀರನಿಗೂ ಇಲ್ಲ. ಇವರಿಬ್ಬರ ನಡುವೆ ಸಿಕ್ಕಿಕೊಂಡ ನನ್ನಂಥವರಿಗೆ ಮಾತ್ರ, ಕೊಂಡು ತಂದ ಎರಡು ಟೈರುಗಳನ್ನು ಮುಂದಕ್ಕೆ ಹಾಕಿಸತಕ್ಕುದೋ ಹಿಂದಕ್ಕೆ ಹಾಕಿಸತಕ್ಕುದೋ ಎಂಬ ಪ್ರಶ್ನೆಯು, ರಾಜಸೂಯ ಯಾಗದ ಸಭೆಯಲ್ಲಿ ಅಗ್ರಪೂಜೆಯು ಯಾರಿಗೆ ಸಲ್ಲಬೇಕೆಂದು ಎದ್ದ ಪ್ರಶ್ನೆಯಷ್ಟೇ ಗಹನವಾಗಿ ತೋರುತ್ತದೆ. ಆ ಸಭೆಯಲ್ಲಿ ಎದ್ದುನಿಂತು ಕೂಗಾಡಿದವನು ಶಿಶುಪಾಲನೊಬ್ಬನೇ. ಟೈರಿನ ಅಂಗಡಿಯ ಮುಂದೆ ಸೇರಿದವರಲ್ಲಿ ಶಿಶುಪಾಲನಲ್ಲದವನು ಒಬ್ಬನೂ ಇರುವುದಿಲ್ಲ.

ನಾನಿರುವುದು ಶಿವಮೊಗ್ಗೆಯಲ್ಲಿ, ನನ್ನ ಹೆಂಡತಿಯ ತವರು ಉಡುಪಿಯ ಕಡೆಯದು. ಈ ಎರಡು ಊರುಗಳ ನಡುವೆ ಸೃಷ್ಟಿಕರ್ತನು ಆಗುಂಬೆಯ ಘಾಟಿಯನ್ನಿಟ್ಟು, ಅದರ ರಸ್ತೆಗೆ 14 ಹಿಮ್ಮುರಿ ತಿರುವುಗಳನ್ನು ಲೋಕೋಪಯೋಗಿ ಇಲಾಖೆಯವರಿಂದ ಮಾಡಿಸಿ, ಸಾಲದೆಂದು ವರ್ಷದ ಮೂರು ನಾಲ್ಕು ತಿಂಗಳು ಆಕಾಶದ ತೂಬನ್ನೇ ತೆರೆದುಬಿಡುತ್ತಾನೆ. ತವರಿನ ಸೆಳೆತವು ಬಲವಾಗುವುದು ಆಷಾಢದಲ್ಲಿ. ಘಾಟಿಯ ರಸ್ತೆಯು ಜಾರುವುದೂ ಆಷಾಢದಲ್ಲಿಯೇ. ಹೀಗಾಗಿ ನಮ್ಮ ಮನೆಯಲ್ಲಿ ಟೈರು ಎಂಬ ವಸ್ತುವು ಕೇವಲ ಯಂತ್ರಶಾಸ್ತ್ರಕ್ಕೆ ಸೇರಿದ್ದಲ್ಲ, ದಾಂಪತ್ಯಕ್ಕೂ ಸೇರಿದ್ದು. ಮುಂದಿನ ಎರಡು ಟೈರುಗಳ ಕಾಲುವೆಗಳು ಸವೆದು ಸವೆದು, ಅವುಗಳೊಳಗಿನ ಸವಕಳಿಯ ಗುರುತಿನ ದಿಣ್ಣೆಗಳು ಮೇಲ್ಮಟ್ಟಕ್ಕೆ ಬಂದುಬಿಟ್ಟಿದ್ದುವು. ಹಿಂದಿನವು ಇನ್ನೂ ಅರ್ಧಾಯುಷ್ಯದಲ್ಲಿದ್ದುವು. ಎರಡನ್ನು ಕೊಳ್ಳುವುದೆಂದು ತೀರ್ಮಾನವಾಯಿತು. ವಿವಾದವು ಅಲ್ಲಿಗೆ ಮೊದಲಾಯಿತು.

ಮೊದಲನೆಯ ಅಭಿಪ್ರಾಯವು ಟೈರಿನ ಅಂಗಡಿಯವನದು. ಅವನು ನನ್ನನ್ನು ಕೇಳಲೇ ಇಲ್ಲ; ಜಾಕನ್ನು ಕಾರಿನ ಮೂತಿಯ ಕೆಳಗೆ ಕೊಟ್ಟು ಎತ್ತಲು ತೊಡಗಿದನು. "ಹಿಂದಕ್ಕೆ ಹಾಕಬೇಕೆನ್ನುತ್ತಾರಲ್ಲ?" ಎಂದು ನಾನು ಮೆಲ್ಲಗೆ ಕೇಳಿದೆನು. "ಯಾರು ಸಾರ್ ಹೇಳಿದ್ದು? ಸವೆದಿರೋದು ಮುಂದಿಂದು, ಹೊಸಾದು ಮುಂದಕ್ಕೇ. ಗಾಡಿ ಎಳೆಯೋದು ಮುಂದೆ, ತಿರುಗೋದು ಮುಂದೆ, ಬ್ರೇಕ್ ಹಿಡಿಯೋದೂ ಜಾಸ್ತಿ ಮುಂದೆ. ಹಿಂದಿನ ಗಾಲಿ ಏನ್ ಮಾಡ್ತದೆ? ಸುಮ್ನೆ ಬರ್ತದೆ" ಎಂದನು. ಆ ಮಾತಿನ ಪೂರ್ವಾರ್ಧದಲ್ಲಿ ಸುಳ್ಳು ಒಂದಿಷ್ಟೂ ಇರಲಿಲ್ಲ. ಆದರೆ ಸ್ವಲ್ಪ ಹೊತ್ತು ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದ ನನಗೆ ಅವನ ಸಿದ್ಧಾಂತದ ಮೂಲವು ಬೇರೆಯೇ ಎಂದು ಹೊಳೆಯಿತು. ಸವೆದ ಟೈರು ಎಲ್ಲಿತ್ತೋ ಅಲ್ಲಿಗೇ ಹೊಸದನ್ನು ಹಾಕಿದರೆ ಬಿಚ್ಚಬೇಕಾದ ಚಕ್ರಗಳು ಎರಡು; ಹೊಸದನ್ನು ಹಿಂದಕ್ಕೆ ಹಾಕಿ, ಹಿಂದಿನ ಅರ್ಧಾಯುಷ್ಯದವನ್ನು ಮುಂದಕ್ಕೆ ತರಬೇಕಾದರೆ ಬಿಚ್ಚಬೇಕಾದುವು ನಾಲ್ಕು. ಇದರಲ್ಲಿ ಅವನನ್ನು ದೂಷಿಸುವಂತಿಲ್ಲ. ಕೂಲಿಯು ಟೈರಿನ ಲೆಕ್ಕದಲ್ಲಿ ಬರುವುದೇ ಹೊರತು ಬೆನ್ನುನೋವಿನ ಲೆಕ್ಕದಲ್ಲಿ ಅಲ್ಲವಷ್ಟೆ.

ಈ ನ್ಯಾಯಕ್ಕೆ ಒಂದು ಇತಿಹಾಸವೂ ಉಂಟು. ಅಂಬಾಸಿಡರು ಮತ್ತು ಫಿಯೆಟ್ಟುಗಳು ನಮ್ಮ ರಸ್ತೆಗಳನ್ನು ಆಳುತ್ತಿದ್ದ ಕಾಲದಲ್ಲಿ ಎಂಜಿನ್ನಿನ ಶಕ್ತಿಯು ಹಿಂದಿನ ಚಕ್ರಗಳಿಗೆ ಹೋಗುತ್ತಿದ್ದಿತು. ಗಾಡಿಯನ್ನು ನೂಕುವ ದುಡಿಮೆಯು ಅವುಗಳದಾದುದರಿಂದ ಸಾಮಾನ್ಯವಾಗಿ ಸವೆಯುತ್ತಿದ್ದುವೂ ಅವೇ. ಸವೆದಲ್ಲಿಗೇ ಹೊಸದನ್ನು ಹಾಕುವ ಆಲಸ್ಯವು ಅಂದು ಹೊಸ ಟೈರನ್ನು ತಾನಾಗಿಯೇ ಹಿಂದಕ್ಕೆ ಸೇರಿಸುತ್ತಿದ್ದಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಎಂಬ ಪುಟ್ಟ ಗಾಡಿಯು ಅವತರಿಸಿ, ಎಂಜಿನ್ನನ್ನು ಮುಂದೆ ಅಡ್ಡಲಾಗಿ ಮಲಗಿಸಿಕೊಂಡು, ಮುಂದಿನ ಚಕ್ರಗಳಿಂದಲೇ ತನ್ನನ್ನು ಎಳೆದುಕೊಂಡು ಓಡತೊಡಗಿತು. ಅದರ ಹಿಂದೆಯೇ ನಮ್ಮ ಸಣ್ಣ ಕಾರುಗಳೆಲ್ಲವೂ ಬಹುಮಟ್ಟಿಗೆ ಆ ಮತವನ್ನೇ ಸ್ವೀಕರಿಸಿದುವು. ಮುಂದಿನವು ಬೇಗ ಸವೆಯತೊಡಗಿದುವು. ಅಂಗಡಿಯ ಆಲಸ್ಯವು ಮಾತ್ರ ಹಾಗೆಯೇ ಉಳಿಯಿತು. ಹೊಸ ಟೈರು ಮುಂದಕ್ಕೆ ಬಂದಿತು. ಯಾರೂ ವಿಚಾರ ಮಾಡಿ ಈ ಬದಲಾವಣೆಯನ್ನು ಮಾಡಲಿಲ್ಲ.

ಎರಡನೆಯ ಶಿಶುಪಾಲರು ನಮ್ಮ ನೆರೆಮನೆಯ ಹಿರಿಯರು. ಮೈಸೂರಿನ ಕಾರ್ಖಾನೆಯ ವಿಕ್ರಾಂತ್ ಟೈರುಗಳ ಹೆಸರು ಬಸ್ಸು ಲಾರಿಗಳವರ ಬಾಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು; ಅಪಘಾತವೆಂಬುದನ್ನು ಕಾಣದೆ ಸೇವೆಯನ್ನು ಮುಗಿಸಿದುದಕ್ಕಾಗಿ ಬಂದ ಪದಕವನ್ನು ದೇವರ ಕೋಣೆಯಲ್ಲಿ ತೂಗುಹಾಕಿರುವರು. ಅವರೊಡನೆ ವಾದಿಸುವುದೆಂದರೆ ಅನುಭವದೊಡನೆ ವಾದಿಸಿದಂತೆ. "ನೋಡಿ ರಾಯರೇ, ನಮ್ಮ ಡಿಪೋದಲ್ಲಿ ರೀಟ್ರೆಡ್ ಟೈರನ್ನು ಮುಂದಕ್ಕೆ ಹಾಕಿದರೆ ಮೆಕ್ಯಾನಿಕ್ಕಿನ ಕೆಲಸವೇ ಹೋಗುತ್ತಿತ್ತು. ಹೊಸದು ಯಾವತ್ತೂ ಮುಂದಕ್ಕೆ. ಮುಂದಿನದು ಒಡೆಯಿತೋ, ಸ್ಟಿಯರಿಂಗು ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಆಮೇಲೆ ಹಳ್ಳವೋ ಮರವೋ ದೇವರು ಆರಿಸಿಕೊಡುತ್ತಾನೆ" ಎಂದರು. ನಾನು ತಲೆದೂಗಿದೆನು. ಅವರ ಮಾತು ಬಸ್ಸಿನ ಮಟ್ಟಿಗೆ ವೇದವಾಕ್ಯವೇ ಸರಿ. ಆದರೆ ಬಸ್ಸಿಗೆ ಟೈರುಗಳು ಆರು. ಹಿಂದೆ ಒಂದೊಂದು ಕಡೆಗೂ ಜೋಡಿ ಜೋಡಿಯಾಗಿ ಎರಡೆರಡು. ಹಿಂದಿನ ಜೋಡಿಯಲ್ಲಿ ಒಂದು ಒಡೆದರೆ ಮತ್ತೊಂದು ಹೆಗಲು ಕೊಟ್ಟು ಮುಂದಿನ ಊರಿನವರೆಗೆ ಸಾಗಿಸುವುದು. ಮುಂದಿನ ಒಂಟಿ ಟೈರಿಗೆ ಆ ಸೌಭಾಗ್ಯವಿಲ್ಲ. ಆದುದರಿಂದಲೇ ಬಸ್ಸಿನಲ್ಲಿ ಒಂಟಿಯಾಗಿರುವವನಿಗೆ ಹೊಸದು, ಜೊತೆಗಾರನಿರುವವನಿಗೆ ಹಳೆಯದು ಎಂಬ ನ್ಯಾಯವು ಏರ್ಪಟ್ಟಿತು. ಕಾರಿನಲ್ಲಿ ಹಿಂದಿನವನೂ ಒಂಟಿಯೇ. ಬಸ್ಸಿನ ಶಾಸ್ತ್ರವನ್ನು ಕಾರಿಗೆ ಅನ್ವಯಿಸುವುದು ತಪ್ಪೆಂದು ಅವರಿಗೆ ಹೇಳುವ ಧೈರ್ಯವು ನನಗೆ ಬರಲಿಲ್ಲ. ಅವರು ತಂದಿಟ್ಟ ಕಾಫಿಯು ಬಿಸಿಯಾಗಿಯೂ ಗಟ್ಟಿಯಾಗಿಯೂ ಇದ್ದಿತು.

ನನ್ನ ತಾಯಿಯ ಅಭಿಪ್ರಾಯವು ಇವರಿಬ್ಬರದಕ್ಕಿಂತಲೂ ಸಂಕ್ಷಿಪ್ತವಾಗಿದ್ದಿತು. "ಹಿಂದಿನ ಸೀಟಲ್ಲಿ ಕೂತ್ಕೊಳ್ಳೋಳು ನಾನು. ಹೊಸದು ಹಿಂದಕ್ಕೇ ಹಾಕಿಸು ಮಗು" ಎಂದಳು. ಹೇತುವು ಅಶುದ್ಧವಾಗಿದ್ದರೂ ನಿಗಮನವು ಸಂಪೂರ್ಣವಾಗಿ ಶುದ್ಧವಾಗಿರುವ ಇಂಥ ಅನುಮಾನಕ್ಕೆ ತರ್ಕಶಾಸ್ತ್ರದಲ್ಲಿ ಏನೆಂದು ಹೆಸರಿಟ್ಟಿರುವರೋ, ಪಂಡಿತರು ತಿಳಿಸಬೇಕು.

ಶುದ್ಧವಾದ ಹೇತುವನ್ನು ಒದಗಿಸಿದವನು ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನನ್ನ ಭಾವಮೈದುನ. ಫೋನಿನಲ್ಲಿ ಅವನಿಗೆ ಪ್ರಶ್ನೆಯೊಂದನ್ನು ಕೇಳುವುದೆಂದರೆ, ಅರ್ಧ ಗಂಟೆಯ ಉಪನ್ಯಾಸಕ್ಕೆ ಮುಂಗಡ ಟಿಕೆಟು ಕೊಂಡಂತೆಯೇ. "ಭಾವ, ಹೊಸ ಟೈರಿನ ಕಾಲುವೆ ಸುಮಾರು 8 ಮಿಲಿಮೀಟರ್ ಆಳ ಇರುತ್ತೆ, ಅದು ಯಾಕೆ ಇರೋದು ಹೇಳಿ?" ಎಂದು ಆರಂಭಿಸಿದನು. ನನಗೆ ಉತ್ತರವನ್ನು ಹೇಳಲು ಅವಕಾಶವಿಲ್ಲವೆಂದು ಪೂರ್ವಾನುಭವದಿಂದ ಬಲ್ಲೆನಾದುದರಿಂದ ಸುಮ್ಮನಿದ್ದೆನು. ಆ ಕಾಲುವೆಗಳಿರುವುದು ನೀರನ್ನು ಹೊರಹಾಕುವುದಕ್ಕೆ. ಒಣರಸ್ತೆಯಲ್ಲಿ ಬೋಳು ಟೈರು ಕೂಡ ನೆಲವನ್ನು ಚೆನ್ನಾಗಿಯೇ ಹಿಡಿದುಕೊಂಡಿರುವುದು. ಮಳೆನೀರು ನಿಂತ ರಸ್ತೆಯಲ್ಲಾದರೋ ನೀರಿಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಟೈರಿನ ಕೆಳಗೇ ಬೆಣೆಯಂತೆ ನುಗ್ಗಿ, ಚಕ್ರವನ್ನು ನೆಲದಿಂದ ಬಿಡಿಸಿ ನೀರಿನ ಹಾಳೆಯ ಮೇಲೆ ತೇಲಿಸಿಬಿಡುವುದು. ವಿಮಾನಗಳು ನೆನೆದ ಓಡುದಾರಿಯಲ್ಲಿ ಜಾರುವುದನ್ನು ಕಂಡು ಅಮೆರಿಕದ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೆಹರ್ ಎಂಬವರು 1963ರಲ್ಲಿ ಇದಕ್ಕೊಂದು ಸೂತ್ರವನ್ನೇ ಪ್ರಕಟಿಸಿದರು. ಟೈರು ತೇಲತೊಡಗುವ ವೇಗವು ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ನಮ್ಮ ಕಾರಿನ 30 ಪೌಂಡು ಒತ್ತಡಕ್ಕೆ ಅದು ಗಂಟೆಗೆ ಸುಮಾರು 90 ಕಿಲೋಮೀಟರು. ನೀರು ಆಳವಾಗಿದ್ದು ಕಾಲುವೆಗಳು ಅದನ್ನು ನುಂಗಲಾರದೆ ಹೋದಾಗಿನ ಲೆಕ್ಕ ಇದು. ಆ ಸೂತ್ರದಲ್ಲಿ ವಾಹನದ ತೂಕಕ್ಕೆ ಸ್ಥಾನವೇ ಇಲ್ಲವೆಂದು ಕೇಳಿ, ದೊಡ್ಡ ಗಾಡಿಯವರೂ ನಮ್ಮಷ್ಟೇ ಬಡವರೆಂಬ ಸಮಾಧಾನವು ನನಗುಂಟಾಯಿತು.

"ಹಾಗಾದರೆ ಮುಂದೆ ತೇಲಿದರೂ ಒಂದೇ, ಹಿಂದೆ ತೇಲಿದರೂ ಒಂದೇ ಅಲ್ಲವೆ?" ಎಂದೆನು. ಒಂದೇ ಅಲ್ಲವಂತೆ, ಇಡೀ ವಿವಾದದ ಮರ್ಮವು ಇಲ್ಲಿಯೇ ಇರುವುದು. ಮುಂದಿನ ಚಕ್ರಗಳ ಹಿಡಿತವು ತಪ್ಪಿದಾಗ ಕಾರು ತಿರುವಿನಲ್ಲಿ ತಿರುಗಬೇಕಾದಷ್ಟು ತಿರುಗದೆ ನೆಟ್ಟಗೆ ಹೋಗಲೆತ್ನಿಸುತ್ತದೆ. ಸ್ಟಿಯರಿಂಗು ಹಗುರಾದುದು ಚಾಲಕನ ಅಂಗೈಗೆ ಒಡನೆಯೇ ಗೊತ್ತಾಗುತ್ತದೆ, ಅವನು ಹೆದರುತ್ತಾನೆ, ಹೆದರಿದ ಮನುಷ್ಯನು ಮೊದಲು ಮಾಡುವ ಕೆಲಸವೆಂದರೆ ಆಕ್ಸಿಲರೇಟರಿನ ಮೇಲಿಂದ ಕಾಲನ್ನು ತೆಗೆಯುವುದು, ವೇಗವು ತಗ್ಗಿ, ಭಾರವು ಮುಂದಕ್ಕೆ ಬಂದು, ಚಕ್ರಗಳು ಮತ್ತೆ ನೆಲವನ್ನು ಹಿಡಿಯುತ್ತವೆ. ಹೆದರಿಕೆಯೇ ಔಷಧವಾಗುವ ಅಪೂರ್ವ ಪ್ರಸಂಗ ಇದು. ಹಿಂದಿನ ಚಕ್ರಗಳು ಜಾರಿದಾಗಲಾದರೋ ಮೊದಲು ಅಂಗೈಗೆ ಯಾವ ಸುದ್ದಿಯೂ ತಲುಪುವುದಿಲ್ಲ. ಸುದ್ದಿಯು ತಲುಪುವ ಹೊತ್ತಿಗೆ ಕಾರಿನ ಬಾಲವು ಪಕ್ಕಕ್ಕೆ ಹೊರಟುಬಿಟ್ಟಿರುತ್ತದೆ. ಆಗ ಅದೇ ಹೆದರಿಕೆಯಿಂದ ಕಾಲನ್ನು ತೆಗೆದರೆ ಭಾರವು ಮುಂದಕ್ಕೆ ಹೋಗಿ ಹಿಂಭಾಗವು ಇನ್ನಷ್ಟು ಹಗುರಾಗುತ್ತದೆ, ಬಾಲವು ಇನ್ನಷ್ಟು ಬೇಗ ಸುತ್ತುತ್ತದೆ. ಬಾಲವು ಯಾವ ಕಡೆಗೆ ಜಾರುತ್ತಿದೆಯೋ ಅದೇ ಕಡೆಗೆ ಸ್ಟಿಯರಿಂಗನ್ನು ಹದವಾಗಿ ತಿರುಗಿಸುವುದು ಇದಕ್ಕೆ ಪರಿಹಾರ. ರ್‍ಯಾಲಿಯ ವೀರರು ಇದನ್ನು ನಗುನಗುತ್ತಲೇ ಮಾಡುವರಂತೆ. ಹಿಂದಿನ ಸೀಟಿನಲ್ಲಿ ತಾಯಿಯನ್ನೂ, ಡಿಕ್ಕಿಯಲ್ಲಿ ಬೀಗರಿಗೆಂದು ತುಂಬಿದ ಹಲಸಿನ ಹಣ್ಣುಗಳನ್ನೂ ಇಟ್ಟುಕೊಂಡು ಸೋಮೇಶ್ವರದ ಕಡೆಗೆ ಇಳಿಯುತ್ತಿರುವ ಗೃಹಸ್ಥನಿಂದ ಈ ಸಾಹಸವನ್ನು ನಿರೀಕ್ಷಿಸಲಾಗದು.

"ಆದರೆ ಘಾಟಿಯಲ್ಲಿ ನಾನು ಹೋಗುವುದು 20ರ ವೇಗದಲ್ಲಿ, ತೇಲುವುದೆಲ್ಲಿ ಬಂತು?" ಎಂದು ಕಡೆಯ ಆಕ್ಷೇಪವೆತ್ತಿದೆನು. ಅದನ್ನವನು ಒಪ್ಪಿಕೊಂಡನು, ಸತ್ಯವಂತ. ಘಾಟಿಯಲ್ಲಿ ತೇಲುವುದಿಲ್ಲ, ಆದರೆ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗಲೆಲ್ಲ ಹಿಂಭಾಗವು ಹಗುರಾಗುತ್ತಲೇ ಇರುತ್ತದೆ, ಕೊಳೆತ ಎಲೆಗಳೂ ಪಾಚಿಯೂ ಸೇರಿದ ತಿರುವಿನಲ್ಲಿ ಹಗುರಾದ ಹಳೆಯ ಟೈರು ಜಾರಲು ಹೆಚ್ಚಿನ ವೇಗವೇನೂ ಬೇಕಾಗಿಲ್ಲ. ತೇಲುವ ಭಾಗ್ಯವು ಹೆಬ್ರಿಯಾಚೆಯ ಸಮತಟ್ಟಿನ ರಸ್ತೆಯಲ್ಲಿ ಬೇಕಾದಷ್ಟಿದೆ.

ಇನ್ನು ಆಪ್ತವಾಕ್ಯ. ಮಿಷೆಲಿನ್, ಕಾಂಟಿನೆಂಟಲ್ ಮೊದಲಾದ ಟೈರು ತಯಾರಕರು, ಎಂಜಿನ್ನು ಮುಂದಿನ ಚಕ್ರಗಳನ್ನು ತಿರುಗಿಸಲಿ ಹಿಂದಿನವನ್ನು ತಿರುಗಿಸಲಿ, ಎರಡೇ ಹೊಸದನ್ನು ಕೊಂಡರೆ ಅವು ಹಿಂದಕ್ಕೇ ಸಲ್ಲತಕ್ಕುವೆಂದು ಏಕಕಂಠದಿಂದ ಹೇಳುತ್ತಾರೆ. ವ್ಯಾಪಾರಿಗಳ ಮಾತನ್ನು ನಂಬುವುದರಲ್ಲಿ ನಾನು ನಿಧಾನಿ. ಆದರೆ ಇಲ್ಲಿ ಮುಂದಕ್ಕೆ ಹಾಕಿದರೂ ಹಿಂದಕ್ಕೆ ಹಾಕಿದರೂ ಅವರಿಗೆ ಮಾರಾಟವಾಗುವುದು ಎರಡೇ ಟೈರಾದುದರಿಂದ, ಲಾಭದ ಸೋಂಕಿಲ್ಲದ ಈ ಒಂದು ಉಪದೇಶವನ್ನಾದರೂ ನಂಬಬಹುದೆಂದು ತೋರಿತು. ಪುರಾತನ ಪ್ರಮಾಣವೂ ಒಂದುಂಟು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಎಂಬವನು ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆಗಳನ್ನು ಸುತ್ತಿದಾಗ, ಅವನು ಅವನ್ನು ಹಾಕಿದುದು ಹಿಂದಿನ ಎರಡು ಚಕ್ರಗಳಿಗೆ. ಗಾಳಿಟೈರಿನ ಹಕ್ಕುಪತ್ರವನ್ನು ಅವನಿಗಿಂತ ನಾಲ್ಕು ದಶಕಗಳ ಹಿಂದೆಯೇ ಥಾಮ್ಸನ್ ಎಂಬ ಸ್ಕಾಟರವನು ಪಡೆದಿದ್ದನೆಂಬುದು ನಿಜ. ಆ ಜಗಳವು ಬೇರೆ.

ಇಷ್ಟೆಲ್ಲ ತಿಳಿದ ಮೇಲೆಯೂ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಕಸಿವಿಸಿಯು ಉಳಿದೇ ಇದ್ದಿತು. ಎಳೆದವನೂ, ತಿರುಗಿದವನೂ, ತಡೆದವನೂ ಮುಂದಿನವನು. ಬಹುಮಾನವು ಮಾತ್ರ ಸುಮ್ಮನೆ ಹಿಂಬಾಲಿಸಿದವನಿಗೆ! ಇದರಲ್ಲಿ ನ್ಯಾಯವೆಲ್ಲಿ? ನಮ್ಮೂರಿನ ರಥೋತ್ಸವದಲ್ಲಿ ಎಲ್ಲರ ಕಣ್ಣೂ ಹಗ್ಗ ಹಿಡಿದು ಎಳೆಯುವವರ ಮೇಲೆ. ಚಕ್ರದ ಬಳಿ ಕುಕ್ಕರಿಸಿಕೊಂಡು ಮರದ ತುಂಡನ್ನು ಕೊಟ್ಟು ತೇರು ದಾರಿ ತಪ್ಪದಂತೆ ನೋಡಿಕೊಳ್ಳುವವರನ್ನು ಕೇಳುವವರಿಲ್ಲ. ಆ ಮರದ ತುಂಡು ಗಟ್ಟಿಯಾಗಿರಬೇಕೆಂದು ಬಯಸುವಾಗ ಹಗ್ಗ ಹಿಡಿದವರಿಗೆ ಅವಮಾನವಾಯಿತೆಂದು ಯಾರೂ ತಿಳಿಯುವುದಿಲ್ಲ. ಟೈರಿಗೆ ಅಭಿಮಾನವಿಲ್ಲ, ಅಭಿಮಾನವಿರುವುದು ಅದಕ್ಕೆ ಹಣ ತೆತ್ತವನಿಗೆ. ಹೊಸ ಟೈರಿನ ಕಪ್ಪು ಹೊಳಪು ಮುಂದೆ ಇದ್ದರೆ ಎದುರು ಬರುವವರಿಗೆ ಕಂಡೀತೆಂಬ ಆಸೆಯೂ ಆ ನ್ಯಾಯಬುದ್ಧಿಯ ಅಡಿಯಲ್ಲಿ ಅಡಗಿದ್ದಿತೇನೋ.

ಅಂತೂ ಅಂಗಡಿಯವನಿಗೆ ನಾಲ್ಕು ಚಕ್ರಗಳ ಕೂಲಿಯನ್ನು ಕೊಟ್ಟು, ಹೊಸ ಜೋಡಿಯನ್ನು ಹಿಂದಕ್ಕೂ ಹಿಂದಿನ ಅರ್ಧಾಯುಷಿಗಳನ್ನು ಮುಂದಕ್ಕೂ ಹಾಕಿಸಿದೆನು. ಅಲೈನ್‌ಮೆಂಟನ್ನೂ ಬ್ಯಾಲೆನ್ಸಿಂಗನ್ನೂ ಮಾಡಿಸಿದೆನು. ನೆರೆಮನೆಯ ಹಿರಿಯರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಹಿಂದೆ ನಿಂತು, ಏನನ್ನೂ ಹೇಳದೆ ಒಳಗೆ ಹೋದರು. ಆ ವಾರ ಕಾಫಿ ಬರಲಿಲ್ಲ.

ಓದುಗರು ಈ ತೀರ್ಪನ್ನು ಅರ್ಧ ಮಾತ್ರ ಕೇಳಿಕೊಂಡು ಹೋಗಬಾರದು. ಹೊಸದು ಹಿಂದಕ್ಕೆಂದ ಮಾತ್ರಕ್ಕೆ ಮುಂದೆ ಬೋಳು ಟೈರಿರಬಹುದೆಂದು ಅರ್ಥವಲ್ಲ. ಕಾಲುವೆಯ ಆಳವು 1.6 ಮಿಲಿಮೀಟರಿಗೆ ಇಳಿದ ಟೈರಿಗೆ ಹಿಂದೆಯೂ ಸ್ಥಳವಿಲ್ಲ, ಮುಂದೆಯೂ ಇಲ್ಲ, ನಮ್ಮ ಕಾನೂನಿನಲ್ಲಿಯೂ ಇಲ್ಲ. ಸುಮಾರು 10,000 ಕಿಲೋಮೀಟರಿಗೊಮ್ಮೆ ಮುಂದಿನದನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಬದಲಾಯಿಸುತ್ತಿದ್ದರೆ ನಾಲ್ಕೂ ಸಮವಾಗಿ ಸವೆದು, ಈ ವಿವಾದವೇ ಏಳದಂತೆ ನಾಲ್ಕನ್ನೂ ಒಟ್ಟಿಗೆ ಕೊಳ್ಳುವ ಪ್ರಸಂಗವು ಒದಗುವುದು. ಆ ದಿನ ಜೇಬು ಏನೆನ್ನುವುದೋ ಅದು ಬೇರೆ ಮಾತು. ಮುಂಗಾರು ಘಾಟಿಯನ್ನು ಏರುವುದಕ್ಕೆ ಮೊದಲೇ ಹೋಗಿ ನಾಲ್ಕು ಟೈರುಗಳ ಗಾಳಿಯನ್ನೂ ನೋಡಿಸಿರಿ, ಡಿಕ್ಕಿಯೊಳಗಿನ ಸ್ಟೆಪ್ನಿಯದನ್ನೂ ಮರೆಯಬೇಡಿರಿ.