ಸಪಾಟು ಜಾಗದ ಸಂಕಟ

ಮಲೆನಾಡಿನಲ್ಲಿ ಮರಗೆಲಸದ ಮಷೀನು ಇಟ್ಟುಕೊಳ್ಳುವವನಿಗೆ ಮರದ ಗುಣ ಗೊತ್ತಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಮನುಷ್ಯರ ಗುಣ ಗೊತ್ತಿದ್ದರೆ ಹೆಚ್ಚು ಉಪಯೋಗ. ಸೊಂಟದೆತ್ತರದಲ್ಲಿ ಸಪಾಟಾದ, ನುಣುಪಾದ, ಖಾಲಿ ಜಾಗವೊಂದು ಕಂಡರೆ ಸಾಕು, ಕೈಯಲ್ಲಿರುವುದನ್ನು ಅದರ ಮೇಲಿಡದೆ ಮನುಷ್ಯಪ್ರಾಣಿ ಮುಂದೆ ಹೋಗಲಾರದು.

ನಮ್ಮ ಹಳೆಯ ದನದ ಕೊಟ್ಟಿಗೆಯಲ್ಲಿ ಈಗ ಪ್ಲೇನರ್ ಮಷೀನಿದೆ. ಅದರ ಬೆಡ್ಡು ಬೀಡು ಕಬ್ಬಿಣದ್ದು. ಹಲಗೆ ಅದರ ಮೇಲೆ ಸರಾಗವಾಗಿ ಜಾರಿದರೆ ಮಾತ್ರ ಕೆಲಸ ನೇರ. ನಡುವೆ ಎಲ್ಲಾದರೂ ತಡೆದರೆ ತಳ್ಳುವ ಕೈ ಮುಗ್ಗರಿಸುತ್ತದೆ. ಮುಗ್ಗರಿಸಿದ ಕೈಯ ಮುಂದೆಯೇ ಬ್ಲೇಡು ತಿರುಗುತ್ತಿರುತ್ತದೆ. ಹೀಗಾಗಿ ಬೆಡ್ಡಿನ ತುಕ್ಕನ್ನು ಕಂಡೂ ಕಾಣದಂತೆ ಇರುವ ಹಾಗಿಲ್ಲ.

ಮಳೆಯನ್ನು ದೂರುವುದು ಸುಲಭ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಆದರೆ ನಮ್ಮ ಕೊಟ್ಟಿಗೆಯ ಮಾಡು ಸೋರುವುದಿಲ್ಲ, ತುಕ್ಕಿಗೆ ಸೋರುವ ಮಾಡು ಬೇಕಾಗಿಯೂ ಇಲ್ಲ. ರಾತ್ರಿ ತಣ್ಣಗಾದ ಅಷ್ಟು ದಪ್ಪದ ಕಬ್ಬಿಣ ಬೆಳಿಗ್ಗೆ ಬೇಗ ಬಿಸಿಯೇರುವುದಿಲ್ಲ. ಹೊರಗಿನ ಬೆಚ್ಚನೆಯ ತೇವದ ಗಾಳಿ ಬಂದು ಮುಟ್ಟಿದ್ದೇ ತಡ, ಬೆಡ್ಡು ಬೆವರುತ್ತದೆ. ಗಾಳಿಯ ತೇವಾಂಶ ಶೇ 60 ದಾಟಿದರೆ ತುಕ್ಕಿನ ಕೆಲಸ ಚುರುಕಾಗುತ್ತದಂತೆ. ಆಷಾಢದಲ್ಲಿ ನಮ್ಮಲ್ಲಿ ಅದು 60ಕ್ಕೆ ಇಳಿದರೆ ರೇಡಿಯೋದವರು ವಾರ್ತೆಯಲ್ಲಿ ಓದಬೇಕು.

ಇಷ್ಟು ಪ್ರಕೃತಿಯ ಪಾಲು. ಉಳಿದದ್ದು ಮನೆಯವರ ಪಾಲು. ಗಾಳಿಯಿಂದ ಬಂದ ತುಕ್ಕು ಬೆಡ್ಡಿನ ತುಂಬ ತೆಳುವಾಗಿ ಹರಡಿರುತ್ತದೆ. ಮನುಷ್ಯರಿಂದ ಬಂದದ್ದಕ್ಕೆ ಆಕಾರವಿರುತ್ತದೆ. ಬಳೆಯಂತೆ ದುಂಡಗಿದ್ದರೆ ಚಿಕ್ಕಪ್ಪನ ಕಾಫಿ ಲೋಟ. ಐದು ಬೆರಳು ಮೂಡಿದ್ದರೆ ಭಾವ ಬಂದುಹೋಗಿದ್ದಾರೆ. "ಎಷ್ಟು ನೈಸಾಗಿದೆ ಮಾರಾಯ" ಎಂದು ಪ್ರೀತಿಯಿಂದ ಸವರಿದವರ ಬೆವರಿನ ಉಪ್ಪು ತಾನೇ ಸಹಿ ಹಾಕುತ್ತದೆ. ಹಲಗೆಯಗಲಕ್ಕೆ ನೀಲಿಗಪ್ಪು ಕಲೆಯಿದ್ದರೆ ಯಾರೋ ಹಸಿ ಮತ್ತಿಯ ಹಲಗೆಯನ್ನು ರಾತ್ರಿಯಿಡೀ ಅಲ್ಲೇ ಬಿಟ್ಟಿದ್ದಾರೆಂದು ಲೆಕ್ಕ. ಮತ್ತಿಯ ಒಗರು ಕಬ್ಬಿಣಕ್ಕೆ ತಾಗಿದರೆ ಮಸಿಯಾಗುತ್ತದೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಕಾಸುತ್ತಿದ್ದದ್ದೂ ಇದೇ ವಿದ್ಯೆಯಿಂದ.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಆಯುಧಪೂಜೆ. ಆ ದಿನ ಮಷೀನನ್ನು ಮೊದಲು ತೊಳೆಯುತ್ತಾರೆ, ಆಮೇಲೆ ನೀರಲ್ಲಿ ಕಲಸಿದ ಅರಿಸಿನ ಕುಂಕುಮ ಹಚ್ಚುತ್ತಾರೆ, ಹೋಳು ಮಾಡಿದ ನಿಂಬೆಹಣ್ಣು ಇಡುತ್ತಾರೆ, ಒದ್ದೆ ಚೆಂಡುಹೂವು ಹೊದಿಸುತ್ತಾರೆ. ಪೂಜೆಯಾದ ಮಷೀನನ್ನು ಆ ದಿನ ಮುಟ್ಟುವಂತಿಲ್ಲ. ಮರುದಿನ ಹೂವೆತ್ತಿದರೆ ಅಡಿಯಲ್ಲಿ ಒಂದೊಂದು ಎಸಳೂ ಕೇಸರಿ ಬಣ್ಣದಲ್ಲಿ ಅಚ್ಚಾಗಿರುತ್ತದೆ. "ನೋಡು, ದೇವಿ ಪ್ರಸಾದ ಕೊಟ್ಟಿದ್ದಾಳೆ" ಎನ್ನುತ್ತಾರೆ ಅಮ್ಮ.

ತುಕ್ಕು ಬಂದಮೇಲೆ ಮದ್ದು ಹೇಳುವವರಿಗೆ ಬರವಿಲ್ಲ. ಒಬ್ಬರು ಹುಣಿಸೆಹಣ್ಣು ಅನ್ನುತ್ತಾರೆ, ಇನ್ನೊಬ್ಬರು ವಿನೆಗರ್, ಪಟ್ಟಣದಿಂದ ಬಂದವರು ಕೋಕಾಕೋಲಾ. ಎಲ್ಲವೂ ಹುಳಿಯೇ, ಹುಳಿಗೆ ತುಕ್ಕು ಬಿಡುವುದೂ ನಿಜ. ಸ್ಕ್ರೂ, ಬೋಲ್ಟುಗಳನ್ನು ರಾತ್ರಿ ವಿನೆಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಡಾಪುಡಿಯ ನೀರಲ್ಲಿ ತೊಳೆದು ಒಣಗಿಸಬಹುದು. ಆದರೆ ನಾಲ್ಕಾಳು ಸೇರಿ ಎತ್ತುವ ಬೆಡ್ಡನ್ನು ನೆನೆಹಾಕಲು ಮದುವೆಮನೆಯ ಹಂಡೆಯೂ ಸಾಲದು.

ಮರಗೆಲಸದ ಆಚಾರ್ರು ಮಾತ್ರ ಏನೂ ಹೇಳದೆ ಚೀಲದಿಂದ ಸೀಮೆಎಣ್ಣೆ ಬಾಟಲಿ ತೆಗೆದರು. ಬೆಡ್ಡಿನ ಮೇಲೆ ಒಂದಿಷ್ಟು ಸುರಿದು, ಹಳೇ ಬ್ಲೇಡನ್ನು ಹೆಚ್ಚುಕಡಿಮೆ ಮಲಗಿಸಿ ಹಿಡಿದು ಕೆರೆದರು. ಇಟ್ಟಿಗೆ ಬಣ್ಣದ ಕೆಸರು ಅಂಚಿಗೆ ಬಂದು ನಿಂತಿತು. ಆಮೇಲೆ ನಯವಾದ ಎಮರಿ ಪೇಪರನ್ನು ಮರದ ತುಂಡಿಗೆ ಸುತ್ತಿ ಉದ್ದುದ್ದಕ್ಕೆ ಉಜ್ಜಿದರು. ಬರಿ ಬೆರಳಲ್ಲಿ ಒತ್ತಿ ಉಜ್ಜಿದರೆ ಅಲ್ಲಲ್ಲಿ ಗುಳಿ ಬೀಳುತ್ತದಂತೆ. ಒರೆಸಿದಾಗ ಬೂದುಬಣ್ಣದ ಲೋಹ ಕಂಡಿತು. ಚಿಕ್ಕಪ್ಪನ ಲೋಟದ ಕಪ್ಪು ನೆರಳು ಮಾತ್ರ ಹಾಗೇ ಉಳಿಯಿತು. "ಅದು ಕೈಗೆ ಸಿಗದಿದ್ರೆ ಆಯ್ತು, ಹಲಗೆ ಜಾರ್ತದೆ. ಇರ್ಲಿ ಬಿಡಿ, ಹಿರಿಯರ ಗುರುತು" ಎಂದರು.

ಇನ್ನು ಮತ್ತೆ ಬಾರದಂತೆ ತಡೆಯುವುದು. ಡಬ್ಲ್ಯುಡಿ-40 ಹೊಡೆಯಿರಿ ಎಂದರು ಅಂಗಡಿಯವರು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೀರನ್ನು ದೂರ ತಳ್ಳುವ ದ್ರವಕ್ಕಾಗಿ ಹುಡುಕಿ 40ನೆಯ ಪ್ರಯತ್ನದಲ್ಲಿ ಗೆದ್ದ ಸರಕದು. ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಂತೆ ಬಳಿದರಂತೆ. ಕ್ಷಿಪಣಿಯ ಮೇಲೆ ಯಾರೂ ಲೋಟ ಇಡುವುದಿಲ್ಲ. ನಮ್ಮಲ್ಲಿ ಅದರ ತೆಳುಪದರ ಬೇಗ ಮಾಯವಾಗುತ್ತದೆ. ಎಣ್ಣೆ ದಪ್ಪಗೆ ಸವರಿದರೆ ಮರದ ಹೊಟ್ಟು ಅಂಟಿ ತೇವ ಹೀರಿ ಕೂರುತ್ತದೆ, ಹಲಗೆಗೂ ಕಲೆಯಾಗಿ ಪಾಲಿಷ್ ಹಿಡಿಯುವುದಿಲ್ಲ. ಕೊನೆಗೆ ಒಗ್ಗಿದ್ದು ಗಟ್ಟಿ ಮೇಣ: ತೆಳ್ಳಗೆ ಹಚ್ಚು, ಆರಲು ಬಿಡು, ಒಣಬಟ್ಟೆಯಲ್ಲಿ ತಿಕ್ಕು. ಸಿಲಿಕೋನ್ ಬೆರೆತ ಕಾರ್ ಪಾಲಿಷ್ ಮಾತ್ರ ಬೇಡ, ಅದು ಮರಕ್ಕೆ ತಾಗಿದರೆ ವಾರ್ನಿಷು ಕಣ್ಣುಕಣ್ಣಾಗಿ ಒಡೆಯುತ್ತದೆ.

ನನ್ನ ಈ ಸೇವೆಯನ್ನೆಲ್ಲ ನೋಡುತ್ತಿದ್ದ ಚಿಕ್ಕಪ್ಪ ಒಂದು ದಿನ ಕೇಳಿದರು: "ಅಲ್ಲ ಮಾರಾಯ, ಕೊಡಚಾದ್ರಿ ಮೇಲೆ ಮೂಕಾಂಬಿಕೆ ಗುಡಿ ಹತ್ರ ಕಬ್ಬಿಣದ ಕಂಬ ಅಷ್ಟು ಮಳೆಯಲ್ಲೂ ನಿಂತಿದೆಯಲ್ಲ, ಅದಕ್ಕೆ ಯಾರು ಮೇಣ ಹಚ್ತಾರೆ?" ದೆಹಲಿಯ 1,600 ವರ್ಷದ ಕಂಬವನ್ನು ಅಭ್ಯಾಸ ಮಾಡಿದ ಕಾನ್ಪುರ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ಅವರು ಅದರ ಕಬ್ಬಿಣದಲ್ಲಿರುವ ರಂಜಕ ಮೈಮೇಲೆ ರಕ್ಷಣೆಯ ಪದರ ಕಟ್ಟಿದೆ ಎಂದು ತೋರಿಸಿದ್ದಾರೆ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಸರಳವಾದ ಕಾರಣ ಹೊಳೆಯಿತು. ಎರಡು ಕಂಬಗಳೂ ನೆಟ್ಟಗೆ ನಿಂತಿವೆ. ಅವುಗಳ ಮೇಲೆ ಏನೂ ಇಡಲು ಬರುವುದಿಲ್ಲ.

ಆ ಪಾಠದಂತೆ ಬೆಡ್ಡಿಗೊಂದು ಪ್ಲೈವುಡ್ ಮುಚ್ಚಳ ಮಾಡಿದೆ, ಹಂಚಿನ ಮಾಡಿನಂತೆ ಎರಡೂ ಕಡೆ ಇಳಿಜಾರಾಗಿ. ಲೋಟವಿಟ್ಟರೆ ಉರುಳಬೇಕು, ಹಲಗೆಯಿಟ್ಟರೆ ಜಾರಬೇಕು. ಇಬ್ಬನಿ ಕೂರದಂತೆ ಬೆಡ್ಡಿನ ಅಡಿಗೆ ಹಳೇ ಕಾಲದ 60 ವಾಟಿನ ಬಲ್ಬೊಂದನ್ನು ಉರಿಸಿಟ್ಟೆ. ಬೆಡ್ಡು ಗಾಳಿಗಿಂತ ತುಸು ಬೆಚ್ಚಗಿದ್ದರೆ ಬೆವರುವ ಪ್ರಶ್ನೆಯೇ ಇಲ್ಲ. ಉಪಾಯ ಫಲಿಸಿತು, ಮನೆಮಂದಿಯೆಲ್ಲ ಮೆಚ್ಚಿದರು. ಅಮ್ಮನಂತೂ ಬಹಳವೇ ಮೆಚ್ಚಿ, ಒಗೆದ ಬಟ್ಟೆಯನ್ನೆಲ್ಲ ತಂದು ಮುಚ್ಚಳದ ಮೇಲೆ ಹರವಿದ್ದಾರೆ. ಇಳಿಜಾರಾದ್ದರಿಂದ ನೀರು ಚೆನ್ನಾಗಿ ಬಸಿಯುತ್ತದಂತೆ, ಅಡಿಯಲ್ಲಿ ಬಲ್ಬಿರುವುದರಿಂದ ಬೇಗ ಒಣಗುವುದೂ ಒಣಗುತ್ತದಂತೆ.