ಸಿಬಿಲ್ ಸ್ಕೋರ್ ಸಾಹೇಬರಿಗೆ ಕಲ್ಲೋಳಿಯಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ಸಿಬಿಲ್ ಸ್ಕೋರ್ ಸಾಹೇಬರ ಸನ್ನಿಧಾನಕ್ಕೆ ಮೂಡಲಗಿ ತಾಲೂಕಿನ ಕಲ್ಲೋಳಿಯಿಂದ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಕಂಪನಿ ಹುಟ್ಟಿದ್ದು 2000ರಲ್ಲಿ, ತಮಗೆ ಕಾನೂನಿನ ಬಲ ಬಂದದ್ದು 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಿಂದ. ಇಷ್ಟು ಸಣ್ಣ ವಯಸ್ಸಿಗೆ ತಾವು ಗಳಿಸಿದ ಮರ್ಯಾದೆ ಎಂಥ ಗೌಡರಿಗೂ ಸಿಕ್ಕಿಲ್ಲ. ಶನಿವಾರ ಮಾರುತಿ ದೇವರ ಗುಡಿ ಮುಂದೆ ಪಾಳಿ ಹಚ್ಚುವ ಈ ಊರು ಉಳಿದ ದಿನ ಬ್ಯಾಂಕಿನ ಮೇಜಿನ ಮುಂದೆ ತಮ್ಮ ದರ್ಶನಕ್ಕೆ ನಿಲ್ಲುತ್ತದೆ. ಮಾರುತಿ ಹಳೆಯ ಲೆಕ್ಕ ಕೇಳುವುದಿಲ್ಲ. ತಾವು ಹಾಗಲ್ಲ, 36 ತಿಂಗಳ ಹಿಂದಿನಿಂದ ಯಾವ ತಿಂಗಳು ಎಷ್ಟು ದಿನ ತಡವಾಯಿತು ಎಂದು ಬರೆದಿಟ್ಟುಕೊಂಡೇ ಕೂತಿರುತ್ತೀರಿ. 750 ದಾಟಿದವನಿಗೆ ಕುರ್ಚಿ, 600ರ ಕೆಳಗಿನವನಿಗೆ ‘ಮುಂದಿನ ವಾರ ಬರ್ರಿ’. ಈ ಪತ್ರ ತಮ್ಮನ್ನು ಬೈಯಲಿಕ್ಕೆ ಬರೆದದ್ದಲ್ಲ. ತಡ ಮಾಡಿದವನ ಹೆಸರು ಕೆಡಬೇಕು ಎಂಬ ತಮ್ಮ ನ್ಯಾಯ ನಮಗೆ ಪೂರ್ತಿ ಒಪ್ಪಿಗೆಯಾಗಿದೆ. ಅದನ್ನು ಅರ್ಧಕ್ಕೇ ಯಾಕೆ ನಿಲ್ಲಿಸಿದಿರಿ ಎಂದು ಕೇಳುವುದಷ್ಟೇ ಬಾಕಿ.

ಮೊದಲು ಸಾಲಗಾರನ ಪಾಲಿನ ಲೆಕ್ಕ ನೋಡೋಣ. ಕಾರ್ಡಿನ ಮೇಲೆ 50,000 ರೂಪಾಯಿ ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಎನ್ನಿ. ಬಡ್ಡಿ 1,750 ರೂಪಾಯಿ, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 315, ಒಟ್ಟು 2,065. ‘ಮಿನಿಮಮ್ ಡ್ಯೂ’ ಎಂದು ಶೇ 5ರಂತೆ 2,500 ಕಟ್ಟಿ ನಿರಾಳನಾದವನ ಅಸಲಿನಲ್ಲಿ ಕರಗಿದ್ದು 435 ರೂಪಾಯಿ ಮಾತ್ರ. ಇಷ್ಟೇ ಕಟ್ಟುತ್ತ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂದು ಬಿಲ್ಲಿನಲ್ಲೇ ಅಚ್ಚು ಹಾಕಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಚ್ಚೂ ಹಾಕಿರುತ್ತಾರೆ, ಓದಲಿಕ್ಕೆ ಭೂತಗನ್ನಡಿ ಬೇಕು, ಅಷ್ಟೇ. ಶೇ 30ಕ್ಕಿಂತ ಹೆಚ್ಚಿನ ವಾರ್ಷಿಕ ಬಡ್ಡಿ ಅನ್ಯಾಯದ ವ್ಯಾಪಾರ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ವರ್ಷಕ್ಕೆ ಶೇ 42 ಈಗ ಬರೀ ಒಂದು ದರ, ದೂರಲ್ಲ.

ಇಂಥ ಬಾಕಿಯಲ್ಲಿ ಸಿಕ್ಕವನಿಗೆ ತಮ್ಮ ಹೆಸರು ಹೇಳಿಕೊಂಡು ಬರುವ ಪೂಜಾರಿಗಳಿಗೆ ಕೊರತೆಯಿಲ್ಲ. ಅಷ್ಟಿಷ್ಟು ಸಾವಿರ ಕೊಟ್ಟರೆ ತಿಂಗಳೊಳಗೆ ಸ್ಕೋರ್ ಏರಿಸಿಕೊಡುತ್ತೇವೆ ಎನ್ನುತ್ತಾರೆ. ನಿಜವಾಗಿ ಕಟ್ಟದ ಬಾಕಿಯನ್ನು ಅಳಿಸುವ ಮಂತ್ರ ಯಾರ ಬಳಿಯೂ ಇಲ್ಲ, ತಪ್ಪಾಗಿ ನಮೂದಾದ ಬಾಕಿಯನ್ನು ಸರಿಪಡಿಸಲು ದುಡ್ಡೇ ಬೇಕಿಲ್ಲ. ದೇಶದ ನಾಲ್ಕೂ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತಪ್ಪಿದೆ ಎಂದು ದೂರು ಕೊಟ್ಟರೆ 30 ದಿನದೊಳಗೆ ಇತ್ಯರ್ಥವಾಗಬೇಕು, ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಇನ್ನು ‘ಅರ್ಧ ಕಟ್ಟಿ, ಮುಗಿಸಿಬಿಡೋಣ’ ಎನ್ನುವ ಸೆಟಲ್‌ಮೆಂಟ್ ಫೋನು. ಅರ್ಧಕ್ಕೆ ಒಪ್ಪಿದ ಖಾತೆಯ ಮುಂದೆ ‘ಸೆಟಲ್ಡ್’ ಎಂದು ಬೀಳುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಮುಂದೆ ಮನೆ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಹೋದಾಗ ಮ್ಯಾನೇಜರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮೂರು ವರ್ಷ ಸುಮ್ಮನಿದ್ದರೆ ಸಾಲ ಸಾಯುತ್ತದೆ ಎಂಬ ಪಂಡಿತರೂ ಇದ್ದಾರೆ. ಅವಧಿ ಮೀರಿದರೆ ಬ್ಯಾಂಕಿನವರಿಗೆ ದಾವೆ ಹೂಡಲು ತೊಡಕಾದೀತು, ಸಾಲ ಮಾತ್ರ ಸಾಯುವುದಿಲ್ಲ, ತಮ್ಮ ವಹಿಯಲ್ಲಿ ಕನಿಷ್ಠ ಏಳು ವರ್ಷ ಅದರ ನೆರಳು ಇರುತ್ತದೆ. ಆದ್ದರಿಂದ ಉಳಿದ ದಾರಿ ಹಳೆಯದೇ: ಕಾರ್ಡು ಉಜ್ಜುವುದನ್ನು ನಿಲ್ಲಿಸಬೇಕು, ಹೆಚ್ಚು ಬಡ್ಡಿಯ ಬಾಕಿ ಮೊದಲು ತೀರಿಸಬೇಕು, ಬೇಕಾದರೆ ಕಡಿಮೆ ಬಡ್ಡಿಯ ಸಾಲ ತೆಗೆದಾದರೂ ಅದನ್ನು ಪೂರ್ತಿ ಚುಕ್ತಾ ಮಾಡಿ ‘ಬಾಕಿ ಇಲ್ಲ’ ಎಂಬ ಪತ್ರ ಕೈಯಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಠೇವಣಿ ಮೇಲೆ ಕೊಡುವ ಸಣ್ಣ ಕಾರ್ಡೊಂದನ್ನು ತೆಗೆದುಕೊಂಡು ತಿಂಗಳು ತಿಂಗಳು ಪೂರ್ತಿ ಬಿಲ್ಲು ಕಟ್ಟುತ್ತ ಹೋದರೆ ತಾವು ನಿಧಾನಕ್ಕೆ ಒಲಿಯುತ್ತೀರಿ.

ಇಲ್ಲಿಯವರೆಗೆ ತಕರಾರಿಲ್ಲ. ಮಾಡಿದ್ದುಣ್ಣೋ ಮಹಾರಾಯ. ತಕರಾರು ಇರುವುದು ಕಟ್ಟುವ ದುಡ್ಡು ಎಲ್ಲಿಂದ, ಯಾವಾಗ ಬರುತ್ತದೆ ಎಂಬಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ಸಂಬಳದ ತಾರೀಖು ಎಂಬುದು ಕೆಲವರಿಗೆ ಮಾತ್ರ, ಉಳಿದವರದು ಕಬ್ಬಿನ ಬಿಲ್ಲಿನ ತಾರೀಖು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು. ಆದೇಶಕ್ಕೆ ಅರವತ್ತು ವರ್ಷವಾಗುತ್ತ ಬಂದರೂ ‘ಕಬ್ಬಿನ ಬಾಕಿ’ ಎಂಬ ಸುದ್ದಿ ಪತ್ರಿಕೆಗಳಿಂದ ಹೋಗಿಲ್ಲ. ಅಂದರೆ 50,000 ರೂಪಾಯಿ ಬಿಲ್ಲು ತಡವಾದರೆ ರೈತನಿಗೆ ಬರಬೇಕಾದ ಬಡ್ಡಿ ತಿಂಗಳಿಗೆ 625, ಅದೂ ಕೊಟ್ಟರೆ. ಆ ಹಣ ಬಾರದೆ ಗೊಬ್ಬರಕ್ಕೋ ಮಕ್ಕಳ ಫೀಸಿಗೋ ಅಷ್ಟೇ ಮೊತ್ತಕ್ಕೆ ಕಾರ್ಡು ಉಜ್ಜಿದವನು ಕೊಡಬೇಕಾದ ಬಡ್ಡಿ 1,750, ಅದರ ಮೇಲೆ ಜಿಎಸ್‌ಟಿ. ಒಂದೇ ತಡ, ಎರಡು ಬೆಲೆ. ಈ ಎರಡರಲ್ಲಿ ತಮ್ಮ ವಹಿಗೆ ಏರುವುದು ಒಂದೇ.

ಕಾರ್ಡು ಉಜ್ಜು ಎಂದು ಯಾರು ಹೇಳಿದ್ದರು, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಿತ್ತು ಎಂದು ತಮ್ಮ ಭಕ್ತರು ಕೇಳುತ್ತಾರೆ. ಮಾತು ಸರಿ. ಶೋಕಿಗೆ ಮೊಬೈಲು ಕೊಂಡು ಮುಳುಗಿದವರೂ ಇದ್ದಾರೆ, ಅವರ ಪರ ವಕೀಲಿ ಇಲ್ಲಿಲ್ಲ. ಆದರೆ ಹಾಸಿಗೆಯ ಅರ್ಧವನ್ನು ಇನ್ನೊಬ್ಬರು ಮಡಚಿಟ್ಟುಕೊಂಡಾಗ ಚಾಚಿದ ಕಾಲಿಗಷ್ಟೇ ಬುದ್ಧಿ ಹೇಳಿದರೆ ಹೇಗೆ? ಸ್ಕೋರ್ ಬರೀ ತೂಕದ ಕಾಟಾ, ಕಾರಣ ಕೇಳುವುದು ಅದರ ಕೆಲಸವಲ್ಲ ಎನ್ನುವವರೂ ಇದ್ದಾರೆ. ಹಾಗಿದ್ದರೆ ಸಾಲಗಾರ ತಡ ಮಾಡಲು ಅವನ ಗುಣವೇ ಕಾರಣ ಎಂಬ ಮಾತೂ ಬ್ಯಾಂಕಿನ ಮೇಜಿನ ಮೇಲೆ ಬರಬಾರದು. ಮೂರನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಕಂಪನಿಗಳಿಗೂ ತಮ್ಮಲ್ಲಿ 1ರಿಂದ 10ರ ರ‍್ಯಾಂಕು ಇದೆಯಲ್ಲ? ಇದೆ, ಅವು ಬ್ಯಾಂಕಿಗೆ ಕೊಡಬೇಕಾದ ಸಾಲಕ್ಕೆ. 2005ರ ಕಾಯ್ದೆಯಂತೆ ತಮಗೆ ಮಾಹಿತಿ ಒಪ್ಪಿಸುವುದು ಬ್ಯಾಂಕು, ಹಣಕಾಸು ಕಂಪನಿಗಳಂಥ ಸಾಲ ಸಂಸ್ಥೆಗಳು. ತಿಂಗಳುಗಟ್ಟಲೆ ಉದ್ರಿ ಕೊಟ್ಟು ಕೂತ ರೈತ ಆ ಪಟ್ಟಿಯಲ್ಲಿ ಸಾಲ ಕೊಟ್ಟವನೇ ಅಲ್ಲ.

2025ರ ನವೆಂಬರಿನಲ್ಲಿ ಇದೇ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕೂತಿದ್ದರು. ಕೊನೆಗೆ 3,300ಕ್ಕೆ ತೀರ್ಮಾನವಾಯಿತು. ಅದು ಬೆಲೆಯ ಮಾತು, ಸಾಲದ ಮಾತಲ್ಲ ಎಂಬುದು ಗೊತ್ತಿದೆ. ಆದರೂ ಕೇಳಿದ್ದಕ್ಕಿಂತ ಕಡಿಮೆ ಕೊಟ್ಟವರ ಹೆಸರಿನ ಮುಂದೆ ಯಾರೂ ‘ಸೆಟಲ್ಡ್’ ಎಂದು ಬರೆಯಲಿಲ್ಲ. ಎರಡೂ ಕಡೆಯ ಲೆಕ್ಕ ನೋಡುವ ಪದ್ಧತಿ ನಮಗೆ ಹೊಸದಲ್ಲ: ಭಾರತದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿದ್ದು. ಅಲ್ಲಿ ಸಾಲ ಕೊಡುವವರೂ ತೆಗೆದುಕೊಳ್ಳುವವರೂ ಅದೇ ಸದಸ್ಯರು, ಯಾರ ತಡಕ್ಕೆ ಯಾರು ಕಾರಣ ಎಂಬುದು ಸಭೆಯಲ್ಲೇ ಗೊತ್ತಾಗುತ್ತಿತ್ತು. ತಮ್ಮ ಕಂಪ್ಯೂಟರಿಗೆ ಅಷ್ಟು ನೆರೆಹೊರೆ ಇಲ್ಲ.

ಹೀಗಾಗಿ ನಮ್ಮ ಬೇಡಿಕೆ ಸಣ್ಣದು. ಬ್ಯಾಂಕುಗಳು 15 ದಿನಕ್ಕೊಮ್ಮೆ ತಮಗೆ ಲೆಕ್ಕ ಒಪ್ಪಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಯಾವ ಕಾರ್ಖಾನೆಯ ಕಬ್ಬಿನ ಬಾಕಿ ಎಷ್ಟು ಎಂಬ ಪಟ್ಟಿ ಕಬ್ಬು ಆಯುಕ್ತರ ಬಳಿ ಇದ್ದೇ ಇದೆ, ಅದೂ 15 ದಿನಕ್ಕೊಮ್ಮೆ ತಮ್ಮಲ್ಲಿಗೆ ಬರಲಿ. ತಡವಾದ ದಿನಗಳನ್ನು ಎಣಿಸಿ ಕಾರ್ಖಾನೆಗೂ ಒಂದು ಸ್ಕೋರ್ ಕೊಡಿ, ಹಂಗಾಮಿನ ಮೊದಲ ದಿನ ಅದನ್ನು ಗೇಟಿಗೆ ಹಚ್ಚಿಸಿ. ರೈತನ ವರದಿಯಲ್ಲೂ ‘ಇವನಿಗೆ ಬರಬೇಕಾದದ್ದು ಇಷ್ಟು’ ಎಂಬ ಒಂದು ಸಾಲು ಇರಲಿ. ಅಲ್ಲಿಯವರೆಗೆ ನಮ್ಮವರು ಕಾರ್ಡಿನ ಬಾಕಿ ಕಟ್ಟುತ್ತಲೇ ಇರುತ್ತಾರೆ. ಈ ಪತ್ರವನ್ನು ತಪ್ಪು ನಮೂದಿನ ಮೇಲಿನ ದೂರು ಎಂದೇ ಪರಿಗಣಿಸಿ 30 ದಿನದೊಳಗೆ ಉತ್ತರಿಸತಕ್ಕದ್ದು. ತಡವಾದರೆ ದಿನಕ್ಕೆ 100 ರೂಪಾಯಿ, ನಿಯಮ ನಮ್ಮದಲ್ಲ.

ಇಂತಿ ತಮ್ಮ ಆಜ್ಞಾಧಾರಕ,
ಕಲ್ಲೋಳಿಯ ಒಬ್ಬ ಖಾತೆದಾರ